ಥೈರಾಯ್ಡ್ ಆಪರೇಷನ್‌ನಲ್ಲಿ ಕಪ್ಪು ಬಣ್ಣ, ಮತ್ತೆ ಕಪ್ಪಾಗದೇ ಉಳಿಯೋದು

ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆದ್ಮೇಲೆ ಬರೋ ಬಯಾಪ್ಸಿ ರಿಪೋರ್ಟ್‌ನಲ್ಲಿ "ಲಿಂಫ್ ನೋಡ್‌ಗಳಲ್ಲಿ ಕಪ್ಪು ಪಿಗ್ಮೆಂಟ್ ಇದೆ" ಅಂತ ಒಂದು ಸಾಲು ಇದ್ರೆ ಸಾಕು, ಪೇಶೆಂಟ್ ಕಡೆಯೋರ ಎದೆ ಧಸಕ್ ಅನ್ನುತ್ತೆ. (ಲಿಂಫ್ ನೋಡ್ ಅಂದ್ರೆ ದೇಹದ ಲಿಂಫ್ ಅನ್ನೋ ತಿಳಿ ದ್ರವವನ್ನ ಸೋಸೋ ಪುಟ್ಟ ಗಂಟುಗಳು.) ಕಪ್ಪು ಅಂದ್ರೆ ಕೊಳೆತಿದೆ ಅಂತಲೋ, ಕ್ಯಾನ್ಸರ್ ಪೂರ್ತಿ ಹರಡಿಬಿಟ್ಟಿದೆ ಅಂತಲೋ ಅಂದ್ಕೊಂಡು ರಾತ್ರಿಯೆಲ್ಲ ಗೂಗಲ್ ಮಾಡಿ ಬೆಳಗ್ಗೆ ಫೋನ್ ಮಾಡ್ತಾರೆ. ಅದು ಕ್ಯಾನ್ಸರ್‌ನ ಬಣ್ಣ ಅಲ್ಲ ಮಾರಾಯ್ರೆ, ಸರ್ಜನ್ ಬೇಕಂತಲೇ ಹಾಕಿದ ಬಣ್ಣ. ನಾನು ಪೆಥಾಲಜಿಸ್ಟು, ಆಪರೇಷನ್ ಮಾಡೋಳಲ್ಲ, ಅವರು ತೆಗೆದು ಕಳಿಸಿದ್ದನ್ನ ಫಾರ್ಮಲಿನ್ ಡಬ್ಬಿಯಿಂದ ಎತ್ತಿ ಕೊಯ್ದು ನೋಡೋಳು, ಹಾಗಾಗಿ ಈ ಟ್ರೇಸರ್‌ಗಳ, ಅಂದ್ರೆ ಲಿಂಫ್ ಹರಿಯೋ ದಾರಿ ತೋರಿಸೋಕೆ ಚುಚ್ಚೋ ವಸ್ತುಗಳ, ವಿಷಯ ನನಗೆ ಕಾಣೋದು ಸ್ವಲ್ಪ ಬೇರೆ ಕಡೆಯಿಂದ, ಅದನ್ನೇ ಬರೀತಿದೀನಿ.

ಮೊದಲು ಈ ನೋಡ್‌ಗಳ ಹಿಂದೆ ಯಾಕೆ ಇಷ್ಟೊಂದು ಬೀಳ್ತಾರೆ ಅನ್ನೋದು. ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಬಹುಪಾಲು ಪ್ಯಾಪಿಲ್ಲರಿ ಅನ್ನೋ ಬಗೆ, ಹತ್ತರಲ್ಲಿ ಎಂಟು ಅಂತ ಇಟ್ಕೊಳ್ಳಿ. ನಿಧಾನ ಸ್ವಭಾವದ್ದು, ಜೀವ ತೆಗೆಯೋದು ಅಪರೂಪ, ಆದ್ರೆ ಇದಕ್ಕೊಂದು ಚಾಳಿ ಇದೆ, ತಾನಿನ್ನೂ ಚಿಕ್ಕದಿರುವಾಗಲೇ ಲಿಂಫ್ ನಾಳಗಳ ಮೂಲಕ ಅಕ್ಕಪಕ್ಕದ ನೋಡ್‌ಗಳಿಗೆ ನುಸುಳುತ್ತೆ. ಸಾಮಾನ್ಯವಾಗಿ ಮೊದಲು ಹೋಗೋದು ಕುತ್ತಿಗೆಯ ಮಧ್ಯಭಾಗಕ್ಕೆ, ಅಂದ್ರೆ ಶ್ವಾಸನಾಳದ ಮುಂದೆ ಮತ್ತೆ ಅಕ್ಕಪಕ್ಕ ಇರೋ ನೋಡ್‌ಗಳಿಗೆ, ಅದನ್ನ ಲೆವೆಲ್ 6 ಅಂತಾರೆ, ಆಮೇಲೆ ಪಕ್ಕದ ಲೆವೆಲ್ 2ರಿಂದ 5ರ ತನಕ. ಗಂಟು ಥೈರಾಯ್ಡ್‌ನ ಮೇಲ್ತುದಿಯಲ್ಲಿದ್ರೆ ಮಧ್ಯದ್ದನ್ನ ಬಿಟ್ಟು ನೇರ ಪಕ್ಕಕ್ಕೇ ಹಾರೋದೂ ಉಂಟು. ಪಕ್ಕದ ನೋಡ್‌ಗಳು ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಕಾಣ್ತವೆ, ಮಧ್ಯದ್ದು ಥೈರಾಯ್ಡ್ ಹಿಂದೆ ಅಡಗಿ ಕೂತಿರೋದ್ರಿಂದ ಎಷ್ಟೋ ಸಲ ಸ್ಕ್ಯಾನ್ ಮಾಡೋರ ಕಣ್ಣಿಗೂ ಬೀಳಲ್ಲ.

ಅಡಗಿ ಕೂತಿರೋ ಜಾಗವಾದ್ರೂ ಎಂಥದ್ದು! ಲೆವೆಲ್ 6ರಲ್ಲೇ ಧ್ವನಿಪೆಟ್ಟಿಗೆಗೆ ಹೋಗೋ ನರ ಹಾದುಹೋಗುತ್ತೆ, ಅದಕ್ಕೆ ಏಟಾದ್ರೆ ದನಿ ಒಡೆಯುತ್ತೆ. ಅಲ್ಲೇ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಇರ್ತವೆ, ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಅಕ್ಕಿ ಕಾಳಿನಷ್ಟು, ತೂಕ 30ರಿಂದ 50 ಮಿಲಿಗ್ರಾಂ. ದೇಹದ ಕ್ಯಾಲ್ಸಿಯಂ ಎಲ್ಲಾ ಇವುಗಳ ಕೈಯಲ್ಲಿ. ಹೆಸರಲ್ಲಿ ಥೈರಾಯ್ಡ್ ಇದೆ ಅನ್ನೋದು ಬಿಟ್ರೆ ಥೈರಾಯ್ಡ್ ಕೆಲಸಕ್ಕೂ ಇವಕ್ಕೂ ಸಂಬಂಧ ಇಲ್ಲ, ಮನೆ ಪಕ್ಕದಲ್ಲಿದ್ದ ತಪ್ಪಿಗೆ ಆಪರೇಷನ್‌ನಲ್ಲಿ ಇವೂ ಸಿಕ್ಕಿಹಾಕ್ಕೊಳ್ತವೆ. ಇವು ಹೋದ್ರೆ ಅಥವಾ ಇವಕ್ಕೆ ರಕ್ತ ಹರಿಯೋದು ನಿಂತ್ರೆ ಕ್ಯಾಲ್ಸಿಯಂ ಇಳಿಯುತ್ತೆ, ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ಮುಜುಮ್ಮು, ಜೋರಾದ್ರೆ ಕೈ ಸೆಟೆದುಕೊಳ್ಳುತ್ತೆ. ಕೆಲವರಿಗೆ ಕೆಲವು ವಾರದಲ್ಲಿ ಸರಿಹೋಗುತ್ತೆ, ಕೆಲವರಿಗೆ ಜೀವನಪೂರ್ತಿ ಮಾತ್ರೆ.

ಈಗ ನನ್ನ ಟೇಬಲ್‌ಗೆ ಬನ್ನಿ. ಲೆವೆಲ್ 6 ಅಂತ ಚೀಟಿ ಅಂಟಿಸಿದ ಒಂದು ಪುಟ್ಟ ಡಬ್ಬಿ ಬರುತ್ತೆ, ಒಳಗೆ ಫಾರ್ಮಲಿನ್‌ನಲ್ಲಿ ನೆಂದು ಬಿಳಿಚಿಕೊಂಡ ಒಂದು ತುಂಡು ಕೊಬ್ಬು. ನೋಡ್ ಅದರೊಳಗೆ ಎಲ್ಲೋ ಇದೆ. ಕಣ್ಣಿಗಿಂತ ಬೆರಳೇ ಇಲ್ಲಿ ಕೆಲಸಕ್ಕೆ ಬರೋದು, ಎರಡು ಬೆರಳ ಮಧ್ಯೆ ಕೊಬ್ಬನ್ನ ಮೆತ್ತಗೆ ಹೊಸಕ್ತಾ ಹೋದ್ರೆ ಅಲ್ಲಲ್ಲಿ ಒಂಚೂರು ಗಟ್ಟಿ ಸಿಗುತ್ತೆ, ಅದನ್ನ ಬಿಡಿಸಿ ಕೊಯ್ದು ಕ್ಯಾಸೆಟ್‌ಗೆ ಹಾಕ್ತೀವಿ. 2-3 ಮಿಲಿಮೀಟರ್‌ದು ಕೈಗೆ ಸಿಗೋದೇ ಕಷ್ಟ, ಸಿಕ್ಕಿದ್ದು ಲಿಂಫ್ ನೋಡೋ, ಕೊಬ್ಬಿನ ಗಂಟೋ, ಪ್ಯಾರಾಥೈರಾಯ್ಡೋ ಅಂತ ಬರಿಗಣ್ಣಲ್ಲಿ ಹೇಳೋದು ಇನ್ನೂ ಕಷ್ಟ, ಮೂರೂ ಒಂದೇ ಥರ ಮಸುಕು ಹಳದಿ-ಕಂದು. ಆಪರೇಷನ್ ಥಿಯೇಟರ್‌ನಲ್ಲಿ ಸರ್ಜನ್‌ಗಿರೋ ಪೀಕಲಾಟವೂ ಇದೇ, ಅವರಿಗೆ ಮೇಲಿಂದ ರಕ್ತ ಬೇರೆ.

ಇದಕ್ಕೇ ಟ್ರೇಸರ್. ಥೈರಾಯ್ಡ್‌ಗೆ ಏನಾದ್ರೂ ಬಣ್ಣ ಚುಚ್ಚಿದ್ರೆ ಅದು ಲಿಂಫ್ ಹರಿಯೋ ದಾರೀಲೇ ಹರಿದು ನೋಡ್‌ಗಳಲ್ಲಿ ಹೋಗಿ ಕೂರುತ್ತೆ, ಆಗ ನೋಡ್ ಎಲ್ಲಿದೆ ಅಂತ ಹುಡುಕೋ ಕಷ್ಟ ಇರಲ್ಲ. ಯೋಚನೆ ಥೈರಾಯ್ಡ್‌ನಲ್ಲಿ ಹುಟ್ಟಿದ್ದಲ್ಲ, ಸೆಂಟಿನೆಲ್ ನೋಡ್ ಅಂತ, ಅಂದ್ರೆ ಗಡ್ಡೆಯಿಂದ ಹೊರಟ ಲಿಂಫ್ ಮೊದಲು ತಲುಪೋ ನೋಡ್ ಯಾವುದೋ ಅದನ್ನ ಹಿಡಿದು ಪರೀಕ್ಷೆ ಮಾಡಿದ್ರೆ ಉಳಿದಿದ್ದರ ಸುಳಿವು ಸಿಗುತ್ತೆ ಅಂತ. 1992ರಲ್ಲಿ ಮಾರ್ಟನ್ ಮತ್ತವರ ತಂಡ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್‌ನಲ್ಲಿ ನೀಲಿ ಬಣ್ಣ ಹಾಕಿ ತೋರಿಸಿದ್ರು, ಆಮೇಲೆ ಬ್ರೆಸ್ಟ್ ಕ್ಯಾನ್ಸರ್‌ಗೆ ಬಂತು, ಅಲ್ಲಿ ಈಗ ಅದು ದಿನನಿತ್ಯದ ಪದ್ಧತಿ. 1998ರಲ್ಲಿ ಕೆಲೆಮನ್ ಮತ್ತವರ ಜೊತೆಯವರು ಐಸೋಸಲ್ಫಾನ್ ಬ್ಲೂ ಅನ್ನೋ ನೀಲಿ ಬಣ್ಣ ಹಾಕಿ ಥೈರಾಯ್ಡ್‌ನಲ್ಲೂ ಆಗುತ್ತೆ ಅಂತ ಬರೆದ್ರು.

ನೀಲಿ ಬಣ್ಣದ ತೊಂದರೆ ಏನಂದ್ರೆ ಅದು ನಿಲ್ಲಲ್ಲ. ಅಣು ತುಂಬಾ ಚಿಕ್ಕದು, ನೋಡ್‌ಗೆ ಬಂದಷ್ಟೇ ಬೇಗ ದಾಟಿ ಮುಂದಕ್ಕೂ ಹೋಗುತ್ತೆ, ಸುತ್ತಲ ಅಂಗಾಂಶಕ್ಕೂ ಸೋರುತ್ತೆ, ರಕ್ತಕ್ಕೂ ಸೇರುತ್ತೆ. ರಕ್ತಕ್ಕೆ ಸೇರಿದ್ರೆ ಬೆರಳಿಗೆ ಹಾಕಿರೋ ಪಲ್ಸ್ ಆಕ್ಸಿಮೀಟರ್ ಮೋಸ ಹೋಗಿ ಆಕ್ಸಿಜನ್ ಇಳೀತಿದೆ ಅಂತ ಸುಳ್ಳು ನಂಬರ್ ತೋರಿಸುತ್ತೆ, ಅನಸ್ತೇಶಿಯಾ ಡಾಕ್ಟ್ರಿಗೆ ಮೊದಲೇ ಹೇಳದೇ ಹಾಕಿದ್ರೆ ಅವರ ಕಥೆ ಕೇಳಬೇಡಿ. ಐಸೋಸಲ್ಫಾನ್‌ಗೆ ಕೆಲವರಲ್ಲಿ ಜೋರು ಅಲರ್ಜಿ ಆಗುತ್ತೆ. ಮೆಥಿಲೀನ್ ಬ್ಲೂ ಅನ್ನೋ ಇನ್ನೊಂದು ನೀಲಿ ಬಣ್ಣವನ್ನ ರಕ್ತನಾಳದ ಮೂಲಕ ಕೊಟ್ರೆ ಡಿಪ್ರೆಶನ್‌ಗೆ ತಗೊಳ್ಳೋ ಕೆಲವು ಮಾತ್ರೆಗಳ ಜೊತೆ ಸೇರಿ ಸೆರೊಟೋನಿನ್ ಏರಿ ಅಪಾಯ ಆಗಬಹುದು ಅಂತ 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ, ಆದ್ದರಿಂದ ಯಾರಾದ್ರೂ ಅಂಥ ಮಾತ್ರೆ ತಗೋತಿದ್ರೆ ಮುಚ್ಚಿಡದೇ ಹೇಳಿ.

ಟೆಕ್ನೀಶಿಯಂ-99ಎಂ ಅನ್ನೋ ರೇಡಿಯೋ ಟ್ರೇಸರ್ ಇನ್ನೊಂದು. ಚುಚ್ಚಿ, ರೇಡಿಯೇಶನ್ ಪತ್ತೆಹಚ್ಚಿ ಸದ್ದು ಮಾಡೋ ಗಾಮಾ ಪ್ರೋಬ್ ಹಿಡಿದು, ಎಲ್ಲಿ ಸದ್ದು ಜೋರಾಗುತ್ತೋ ಅಲ್ಲಿ ನೋಡ್. ಬ್ರೆಸ್ಟ್‌ನಲ್ಲಿ ಇದು ಸೊಗಸಾಗಿ ಕೆಲಸ ಮಾಡುತ್ತೆ ಯಾಕಂದ್ರೆ ಚುಚ್ಚಿದ ಜಾಗಕ್ಕೂ ಕಂಕುಳಿಗೂ ಸಾಕಷ್ಟು ದೂರ. ಕುತ್ತಿಗೇಲಿ ಥೈರಾಯ್ಡೂ ಲೆವೆಲ್ 6ರ ನೋಡೂ ಒಂದಕ್ಕೊಂದು ಅಂಟಿಕೊಂಡೇ ಇರ್ತವೆ, ಥೈರಾಯ್ಡ್‌ನಲ್ಲಿ ಉಳಿದಿರೋ ರೇಡಿಯೇಶನ್‌ಗೇ ಪ್ರೋಬ್ ಕೂಗ್ತಾ ಇರುತ್ತೆ, ಯಾವುದು ಯಾವುದರ ಸದ್ದು ಅಂತ ಬೇರ್ಪಡಿಸೋದೇ ತಲೆನೋವು.

ಕಪ್ಪು ಬಣ್ಣ ಅಂದ್ನಲ್ಲ, ಅದು ಕಾರ್ಬನ್ ನ್ಯಾನೋಪಾರ್ಟಿಕಲ್. ಇದು ಚೀನಾದಲ್ಲಿ ಬೆಳೆದ ಪದ್ಧತಿ, ಅಲ್ಲಿನ ಥೈರಾಯ್ಡ್ ಸರ್ಜನ್‌ಗಳು ವ್ಯಾಪಕವಾಗಿ ಬಳಸ್ತಾರೆ, ಇದರ ಮೇಲಿನ ಅಧ್ಯಯನಗಳೂ ಬಹುತೇಕ ಅಲ್ಲಿಂದಲೇ ಬಂದಿರೋದು. ಇದರ ಜಾಣತನ ಇರೋದು ಗಾತ್ರದಲ್ಲಿ. ಕಣ ಸರಾಸರಿ 150 ನ್ಯಾನೋಮೀಟರ್. ರಕ್ತದ ಕ್ಯಾಪಿಲ್ಲರಿಯ, ಅಂದ್ರೆ ಅತಿ ಸಣ್ಣ ನಾಳದ, ಗೋಡೆಯ ಸಂದುಗಳು 20ರಿಂದ 50 ನ್ಯಾನೋಮೀಟರ್, ಅದರೊಳಗೆ ಇದು ತೂರಲ್ಲ. ಲಿಂಫ್ ಕ್ಯಾಪಿಲ್ಲರಿಯ ಸಂದು 120ರಿಂದ 500, ಅಲ್ಲಿ ತೂರುತ್ತೆ. ಹೀಗೆ ರಕ್ತದ ಕಡೆ ಹೋಗದೇ ಲಿಂಫ್ ಒಳಗೇ ಹೋಗಿ, ನೋಡ್ ತಲುಪಿದ ಮೇಲೆ ಅಲ್ಲಿನ ಮ್ಯಾಕ್ರೋಫೇಜ್‌ಗಳು, ಅಂದ್ರೆ ಹೊರಗಿಂದ ಬಂದಿದ್ದನ್ನ ನುಂಗೋ ಜೀವಕೋಶಗಳು, ಅದನ್ನ ನುಂಗಿ ಕೂತುಬಿಡ್ತವೆ. ನೀಲಿ ಥರ ದಾಟಿ ಓಡಿ ಹೋಗಲ್ಲ. ಮೈಕ್ರೋಸ್ಕೋಪ್‌ನಲ್ಲಿ ನೋಡ್‌ನ ಸೈನಸ್‌ಗಳ, ಅಂದ್ರೆ ಒಳಗೆ ಲಿಂಫ್ ಹರಿಯೋ ಕಾಲುವೆಗಳ, ಉದ್ದಕ್ಕೂ ಕಪ್ಪು ಪುಡಿ ತುಂಬಿದ ಮ್ಯಾಕ್ರೋಫೇಜ್‌ಗಳು ಸಾಲುಸಾಲಾಗಿ ಕಾಣ್ತವೆ. ನೀಲಿ ಬಣ್ಣ ನಮ್ಮ ಫಾರ್ಮಲಿನ್, ಆಲ್ಕೋಹಾಲ್ ಎಲ್ಲಾ ದಾಟೋ ಹೊತ್ತಿಗೆ ಮಂಕಾಗಿರುತ್ತೆ, ಇದು ಮಾತ್ರ ಜಪ್ಪಯ್ಯ ಅಂದ್ರೂ ಹೋಗಲ್ಲ.

ಹಾಕೋ ಕ್ರಮದಲ್ಲೇ ಅರ್ಧ ಸೋಲು-ಗೆಲುವು. ಥೈರಾಯ್ಡ್ ಮುಂಭಾಗ ತೆರೆದ ಮೇಲೆ, ಸುತ್ತಲ ಪದರಗಳನ್ನ ಜಾಸ್ತಿ ಬಿಡಿಸೋಕೆ ಮುಂಚೆ ಹಾಕಬೇಕು, ಬಿಡಿಸಿಬಿಟ್ರೆ ಲಿಂಫ್ ನಾಳಗಳೇ ಕತ್ತರಿಸಿ ಹೋಗಿರ್ತವೆ, ಬಣ್ಣ ಹರಿಯೋಕೆ ದಾರಿ ಎಲ್ಲಿ. ಸಣ್ಣ ಸಿರಿಂಜಲ್ಲಿ ಒಂದೊಂದು ಕಡೆ ಸುಮಾರು 0.1 ಎಂಎಲ್, ಅಷ್ಟೇ, ಗಡ್ಡೆಯೊಳಗೆ ಚುಚ್ಚದೇ ಅದರ ಪಕ್ಕದ ಥೈರಾಯ್ಡ್‌ಗೆ. ಮೊದಲು ಸಿರಿಂಜ್ ಹಿಂದಕ್ಕೆಳೆದು ರಕ್ತ ಬರ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ನಿಧಾನಕ್ಕೆ ಬಿಟ್ಟು, ಸೂಜಿ ತೆಗೆದ ಜಾಗಕ್ಕೆ ಗಾಜ್ ಒತ್ತಿ ಹಿಡಿದು ಕೆಲವು ನಿಮಿಷ ಕಾಯಬೇಕು. ಅವಸರ ಮಾಡಿ ಸೋರಿಸಿದ್ರೆ ಮುಗೀತು, ಇಡೀ ಕುತ್ತಿಗೆ ಒಳಗೆಲ್ಲಾ ಮಸಿ, ಆಮೇಲೆ ಯಾವುದು ನೋಡ್ ಯಾವುದು ನರ ಯಾವುದು ಪ್ಯಾರಾಥೈರಾಯ್ಡ್ ಅಂತ ದೇವರೇ ಹೇಳಬೇಕು. ನಮ್ಮ ಹತ್ರ ಸೆಕೆಂಡ್ ಒಪೀನಿಯನ್‌ಗೆ ಬಂದ ಒಂದು ಕೇಸಲ್ಲಿ ಸ್ಲೈಡ್ ಪೂರ್ತಿ, ನೋಡ್ ಬಿಟ್ಟು ಹೊರಗಿನ ಕೊಬ್ಬಿನ ಅಂಚಿಗೂ ಕಪ್ಪು ಮೆತ್ತಿಕೊಂಡಿತ್ತು, ಅಲ್ಲೇನು ಆಗಿರಬಹುದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ.

ಈಗ ನನಗೆ ಮುಖ್ಯ ಅನ್ನಿಸೋ ಮಾತು. ಜನ ಈ ಕಾರ್ಬನ್ ಬಗ್ಗೆ ಮಾತಾಡುವಾಗೆಲ್ಲ ಎಷ್ಟು ನೋಡ್ ಜಾಸ್ತಿ ಸಿಕ್ತು ಅಂತ ಲೆಕ್ಕ ಹೇಳ್ತಾರೆ, ನನ್ನ ಪ್ರಕಾರ ಇದರ ದೊಡ್ಡ ಉಪಕಾರ ಇರೋದು ಕಪ್ಪಾಗದೇ ಉಳಿಯೋದರಲ್ಲಿ. ಪ್ಯಾರಾಥೈರಾಯ್ಡ್ ಥೈರಾಯ್ಡ್‌ನ ಪಕ್ಕದಲ್ಲೇ ಇದ್ರೂ ಥೈರಾಯ್ಡ್‌ಗೆ ಹಾಕಿದ ಕಾರ್ಬನ್ ಅದರೊಳಗೆ ಹೋಗಲ್ಲ. ಹಾಗಾಗಿ ಥೈರಾಯ್ಡ್ ಕಪ್ಪು, ನೋಡ್‌ಗಳು ಕಪ್ಪು, ಮಧ್ಯದಲ್ಲಿ ಪ್ಯಾರಾಥೈರಾಯ್ಡ್ ಮಾತ್ರ ತನ್ನ ಹಳದಿ-ಕಂದು ಬಣ್ಣದಲ್ಲೇ ಎದ್ದು ಕಾಣುತ್ತೆ. ನೆಗೆಟಿವ್ ಇಮೇಜಿಂಗ್ ಅಂತಾರೆ ಇದನ್ನ. ಸರ್ಜನ್‌ಗೆ ಅದು ಎದುರಿಗೆ ಕಂಡ್ರೆ ಅದರ ರಕ್ತನಾಳ ಸಮೇತ ಪಕ್ಕಕ್ಕೆ ಸರಿಸಿ ಉಳಿಸ್ಕೋಬಹುದು.

ಇದು ನನಗ್ಯಾಕೆ ಇಷ್ಟು ತಟ್ಟುತ್ತೆ ಅಂದ್ರೆ, ಪ್ಯಾರಾಥೈರಾಯ್ಡ್ ತಪ್ಪಿ ಬಂದುಬಿಟ್ಟಿದೆ ಅಂತ ಎಷ್ಟೋ ಸಲ ಮೊದಲು ಕಾಣೋದು ನಮಗೆ. ಲೆವೆಲ್ 6ರ ಸ್ಲೈಡ್ ಸರಿಸ್ತಾ ಹೋಗ್ತಿರ್ತೀವಿ, ಕೊಬ್ಬು, ನೋಡ್, ಕೊಬ್ಬು, ಮತ್ತೆ ನೋಡ್, ಇದ್ದಕ್ಕಿದ್ದಂಗೆ ಒತ್ತೊತ್ತಾಗಿ ಕೂತ ಒಂದೇ ಅಳತೆಯ ಜೀವಕೋಶಗಳು, ದುಂಡಗಿನ ಗಾಢ ನ್ಯೂಕ್ಲಿಯಸ್, ಸುತ್ತ ತೆಳು ಬಣ್ಣದ ಸೈಟೋಪ್ಲಾಸಂ, ನಡುನಡುವೆ ಕೊಬ್ಬಿನ ಕೋಶ. ಒಂದು ನಿಮಿಷ ಸುಮ್ಮನಾಗ್ತೀನಿ. ರಿಪೋರ್ಟ್‌ನಲ್ಲಿ "ಒಂದು ಪ್ಯಾರಾಥೈರಾಯ್ಡ್ ಗ್ರಂಥಿ ಕಂಡುಬಂದಿದೆ" ಅಂತ ಬರೀಲೇಬೇಕು, ಬರೀತೀನಿ, ಸರ್ಜನ್‌ಗಳಿಗೆ ಆ ಸಾಲು ಕಂಡ್ರೆ ಆಗಲ್ಲ ಅನ್ನೋದೂ ಗೊತ್ತು. ಆ ಹೊತ್ತಿಗೆ ಗ್ರಂಥಿ ಫಾರ್ಮಲಿನ್ ಕುಡಿದು ಮೇಣದಲ್ಲಿ ಕೂತಿರುತ್ತೆ, ವಾಪಸ್ ಕೊಡೋ ಹಂಗಿಲ್ಲ. ಅದೇ ಥಿಯೇಟರ್‌ನಲ್ಲೇ ಗೊತ್ತಾಗಿದ್ರೆ ಅದನ್ನ ಒಂದೊಂದು ಮಿಲಿಮೀಟರ್ ಚೂರು ಮಾಡಿ ಕುತ್ತಿಗೆಯ ಮಾಂಸಖಂಡದೊಳಗೇ ನೆಟ್ಟುಬಿಡ್ತಾರೆ, ಎಷ್ಟೋ ಸಲ ಅದು ಮತ್ತೆ ಚಿಗುರಿ ಕೆಲಸ ಶುರು ಮಾಡುತ್ತೆ. ಬಣ್ಣ ಹಾಕಿದ ಆಪರೇಷನ್‌ಗಳಲ್ಲಿ ಹೀಗೆ ತಪ್ಪಿ ಬರೋ ಪ್ಯಾರಾಥೈರಾಯ್ಡ್ ಕಡಿಮೆ ಅನ್ನೋದು ಹಲವು ಅಧ್ಯಯನಗಳಲ್ಲಿ ಬಂದಿದೆ. ಆದ್ರೆ ಗ್ರಂಥಿ ಜಾಗದಲ್ಲೇ ಉಳಿದು ಅದರ ರಕ್ತನಾಳಕ್ಕೆ ಏಟಾಗಿದ್ರೆ ಕಾರ್ಬನ್ ಅದನ್ನ ತೋರಿಸಲ್ಲ, ಗ್ರಂಥಿ ಉಳೀತು ಅನ್ನೋದೂ ಅದು ಜೀವಂತ ಇದೆ ಅನ್ನೋದೂ ಬೇರೆಬೇರೆ.

ಅದಕ್ಕೆ ಐಸಿಜಿ ಇದೆ, ಇಂಡೋಸಯನಿನ್ ಗ್ರೀನ್. ಹಳೇ ಔಷಧ, 1950ರ ದಶಕದಿಂದ ಲಿವರ್, ಹೃದಯದ ಪರೀಕ್ಷೆಗೆಲ್ಲಾ ಬಳಕೆಯಲ್ಲಿರೋದು. ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದ್ರೆ ಬೆಳಗುತ್ತೆ, ಬರಿಗಣ್ಣಿಗೆ ಆ ಬೆಳಕು ಕಾಣಲ್ಲ. ಥೈರಾಯ್ಡ್‌ಗೆ ಚುಚ್ಚಿದ್ರೆ ಲಿಂಫ್ ದಾರಿ ತೋರಿಸುತ್ತೆ, ರಕ್ತನಾಳಕ್ಕೆ ಕೊಟ್ರೆ ಪ್ಯಾರಾಥೈರಾಯ್ಡ್‌ಗೆ ರಕ್ತ ಹರೀತಿದೆಯಾ ಅಂತ ತೋರಿಸುತ್ತೆ. ಎರಡನೇ ಉಪಯೋಗವೇ ನನಗೆ ಜಾಸ್ತಿ ಹಿಡಿಸಿದ್ದು. 2018ರಲ್ಲಿ ಜಿನೀವಾದ ತಂಡ ಒಂದು ಟ್ರಯಲ್ ಪ್ರಕಟಿಸ್ತು, ಥೈರಾಯ್ಡ್ ತೆಗೆದ ಮೇಲೆ ಒಂದಾದ್ರೂ ಪ್ಯಾರಾಥೈರಾಯ್ಡ್ ಐಸಿಜಿಯಲ್ಲಿ ಚೆನ್ನಾಗಿ ಬೆಳಗಿದ್ರೆ ಆ ಪೇಶೆಂಟ್‌ಗೆ ಕ್ಯಾಲ್ಸಿಯಂ ಮಾತ್ರೆ ರೂಢಿಯಂತೆ ಕೊಡೋ ಅಗತ್ಯ ಇಲ್ಲ ಅಂತ. ಲಿಂಫ್ ವಿಷಯದಲ್ಲಿ ಮಾತ್ರ ಇದಕ್ಕೂ ನೀಲಿಯ ಚಾಳಿಯೇ, ಬೇಗ ಹರಡುತ್ತೆ, ಸೋರಿದ್ರೆ ಸ್ಕ್ರೀನ್ ಎಲ್ಲಾ ಬೆಳಕೋ ಬೆಳಕು. ಬೆಳಕು ಒಂದು ಸೆಂಟಿಮೀಟರ್‌ಗಿಂತ ಆಳದಿಂದ ಮೇಲೆ ಬರೋದೂ ಕಷ್ಟ. ಅಯೋಡಿನ್ ಅಂಶ ಇರೋದ್ರಿಂದ ಅದರ ಅಲರ್ಜಿ ಇರೋರು ಮೊದಲೇ ಹೇಳಬೇಕು. ಇನ್ನೊಂದು ಮಜಾ ಗೊತ್ತಾ, ಪ್ಯಾರಾಥೈರಾಯ್ಡ್ ಯಾವ ಬಣ್ಣವೂ ಇಲ್ಲದೇ ತನ್ನಷ್ಟಕ್ಕೆ ತಾನೇ ಇನ್‌ಫ್ರಾರೆಡ್‌ನಲ್ಲಿ ಮಿನುಗುತ್ತೆ, ಅದನ್ನ ಹಿಡಿಯೋ ಎರಡು ಉಪಕರಣಗಳಿಗೆ 2018ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ತೆಗೆದಿಟ್ಟ ಪ್ಯಾರಾಥೈರಾಯ್ಡೂ ಹಾಗೇ ಮಿನುಗುತ್ತೆ, ಹಾಗಾಗಿ ಇದೂ ಗ್ರಂಥಿ ಎಲ್ಲಿದೆ ಅಂತ ಹೇಳುತ್ತೆ ಹೊರತು ಬದುಕಿದೆಯಾ ಅಂತ ಹೇಳಲ್ಲ.

ಮತ್ತೆ ಕಪ್ಪಿಗೆ ಬರ್ತೀನಿ, ಯಾಕಂದ್ರೆ ಅತಿ ಹೆಚ್ಚು ಗೊಂದಲ ಇಲ್ಲೇ. ಟ್ರೇಸರ್ ತೋರಿಸೋದು ಲಿಂಫ್ ಎಲ್ಲಿಗೆ ಹರಿಯುತ್ತೆ ಅಂತ, ಕ್ಯಾನ್ಸರ್ ಎಲ್ಲಿದೆ ಅಂತ ಅಲ್ಲ. ಕಪ್ಪಾದ ಹತ್ತು ನೋಡ್ ಕೊಯ್ದು ನೋಡಿದ್ರೆ ಹತ್ತೂ ಕ್ಲೀನ್ ಇರಬಹುದು. ಉಲ್ಟಾ ಕೇಸ್ ಇನ್ನೂ ಮುಖ್ಯ, ಕ್ಯಾನ್ಸರ್ ಪೂರ್ತಿ ತುಂಬಿಕೊಂಡ ನೋಡ್‌ನಲ್ಲಿ ಲಿಂಫ್ ಹರಿಯೋಕೆ ಜಾಗವೇ ಇರಲ್ಲ, ಬಣ್ಣ ಬಾಗಿಲಿಗೆ ಬಂದು ವಾಪಸ್ಸಾಗಿ ಬೇರೆ ನೋಡ್ ಕಡೆ ತಿರುಗುತ್ತೆ, ಕಾಯಿಲೆ ಇರೋ ನೋಡ್ ಬಿಳಿಯಾಗಿ ಉಳಿದುಬಿಡುತ್ತೆ. ಅಂಥ ನೋಡ್ ನಾನೇ ಕೊಯ್ದಿದೀನಿ, ಪಕ್ಕದ್ದು ಗಾಢ ಕಪ್ಪು, ಇದು ಬೆಳ್ಳಗೆ, ಚಾಕು ಇಟ್ರೆ ಮರಳು ಕೊಯ್ದಂಗೆ ಕರಕರ ಸದ್ದು, ಪ್ಯಾಪಿಲ್ಲರಿ ಕ್ಯಾನ್ಸರ್‌ನಲ್ಲಿ ಕಾಣೋ ಸಮೋಮಾ ಬಾಡಿ ಅನ್ನೋ ಪುಟ್ಟ ಸುಣ್ಣದ ಗೋಲಿಗಳು ಅದರ ತುಂಬಾ. ಹಾಗಾಗಿ ಬಣ್ಣ ಬಂದಿದ್ದು ಮಾತ್ರ ತೆಗೀತೀನಿ, ಬರದೇ ಇರೋದು ಬಿಡ್ತೀನಿ ಅಂತ ಯಾವ ಅನುಭವಸ್ಥ ಸರ್ಜನೂ ಹೊರಡಲ್ಲ, ಕೈಗೆ ಗಟ್ಟಿ ಸಿಕ್ಕಿದ್ದನ್ನ, ಅನುಮಾನ ಬಂದಿದ್ದನ್ನ ತೆಗೀಲೇಬೇಕು.

ನೋಡ್ ಜಾಸ್ತಿ ಸಿಗೋದು ಒಳ್ಳೇದೇ ತಾನೇ ಅಂತ ಕೇಳ್ತಾರೆ. ಪೂರ್ತಿ ಹಾಗೂ ಹೇಳೋಕಾಗಲ್ಲ. ಪ್ಯಾಪಿಲ್ಲರಿಯಲ್ಲಿ ಸ್ಕ್ಯಾನ್‌ನಲ್ಲಿ ಏನೂ ಕಾಣದ ಎಷ್ಟೋ ಜನರ ನೋಡ್‌ಗಳಲ್ಲೂ ಹುಡುಕಿದ್ರೆ ಕೂದಲೆಳೆಯಷ್ಟು ಕ್ಯಾನ್ಸರ್ ಸಿಗುತ್ತೆ, ಹುಡುಕಿದಷ್ಟೂ ಸಿಗುತ್ತೆ. ನಾನು ಹೆಚ್ಚು ನೋಡ್ ಹಿಡಿದಷ್ಟೂ ರಿಪೋರ್ಟ್‌ನಲ್ಲಿ ಎನ್1 ಅಂತ, ಅಂದ್ರೆ ನೋಡ್‌ಗೆ ಹರಡಿದೆ ಅಂತ, ಬೀಳೋ ಸಾಧ್ಯತೆ ಜಾಸ್ತಿ, ಅದು ಬಿದ್ರೆ ರೇಡಿಯೋ ಅಯೋಡಿನ್ ಚಿಕಿತ್ಸೆಯ ಮಾತು ಶುರು, ಮನೆಯವರ ನಿದ್ದೆ ಹಾಳು. 2 ಮಿಲಿಮೀಟರ್‌ಗಿಂತ ಚಿಕ್ಕ ಕ್ಯಾನ್ಸರ್ ಐದು ಅಥವಾ ಅದಕ್ಕಿಂತ ಕಡಿಮೆ ನೋಡ್‌ನಲ್ಲಿದ್ರೆ ಅದನ್ನ ಮರುಕಳಿಸೋ ಅಪಾಯ ಕಡಿಮೆ ಇರೋ ಗುಂಪಲ್ಲೇ ಇಡಬಹುದು ಅಂತ ಅಮೆರಿಕನ್ ಥೈರಾಯ್ಡ್ ಅಸೋಸಿಯೇಶನ್‌ನ 2015ರ ಗೈಡ್‌ಲೈನ್ ಹೇಳಿದೆ, ಮತ್ತೆ ಈಗ ಬಳಕೆಯಲ್ಲಿರೋ ಸ್ಟೇಜಿಂಗ್‌ನಲ್ಲಿ 55 ವಯಸ್ಸಿನ ಒಳಗಿನವರಿಗೆ ದೂರದ ಅಂಗಕ್ಕೆ ಹರಡಿಲ್ಲ ಅಂದ್ರೆ ನೋಡ್ ಪಾಸಿಟಿವ್ ಇದ್ರೂ ಮೊದಲನೇ ಸ್ಟೇಜೇ. ಅದಕ್ಕೇ ನಾನು ಎಷ್ಟು ನೋಡ್ ಅನ್ನೋದರ ಜೊತೆಗೆ ಅದರಲ್ಲಿ ಅತಿ ದೊಡ್ಡ ಕ್ಯಾನ್ಸರ್ ತುಣುಕು ಎಷ್ಟು ಮಿಲಿಮೀಟರ್, ನೋಡ್‌ನ ಗೋಡೆ ದಾಟಿದೆಯಾ ಅಂತ ತಪ್ಪದೇ ಬರೀತೀನಿ, ನೀವೂ ರಿಪೋರ್ಟ್ ಹಿಡ್ಕೊಂಡು ಕೂತಾಗ ಮೊದಲು ಆ ಸಾಲು ಹುಡುಕಿ. ಚಿಕ್ಕ, ಹೊರಗೆ ಚಾಚದ ಗಂಟಿಗೆ, ಸ್ಕ್ಯಾನ್‌ನಲ್ಲಿ ನೋಡ್ ಸರಿಯಾಗಿದ್ದಾಗ, ಮುಂಜಾಗ್ರತೆಗೆ ಅಂತ ಲೆವೆಲ್ 6 ತೆಗೀಲೇಬೇಕು ಅಂತೇನಿಲ್ಲ, ಅದನ್ನೂ ಅದೇ ಗೈಡ್‌ಲೈನ್ ಹೇಳಿದೆ. ತೆಗೆಯೋದೇ ಬೇಡ ಅನ್ನೋ ಕಡೆ ಟ್ರೇಸರ್ ಹಾಕಿ ನೋಡ್ ಲೆಕ್ಕ ಏರಿಸೋದು ನನಗಂತೂ ಸರಿ ಅನ್ಸಲ್ಲ. ಟ್ರೇಸರ್ ಹಾಕಿದ್ರಿಂದ ಜನ ಹೆಚ್ಚು ವರ್ಷ ಬದುಕ್ತಾರೆ ಅನ್ನೋದಕ್ಕೆ ಗಟ್ಟಿ ಪುರಾವೆಯೂ ಇಲ್ಲ, ಇಷ್ಟು ನಿಧಾನದ ಕಾಯಿಲೆಯಲ್ಲಿ ಅದನ್ನ ತೋರಿಸೋಕೆ ದಶಕಗಟ್ಟಲೆ ಕಾಯಬೇಕು. ನೋಡ್ ಹರಡಿರೋದು ಖಚಿತ ಇದ್ದು ಲೆವೆಲ್ 6 ಪೂರ್ತಿ ತೆಗೆಯೋದು ಅನಿವಾರ್ಯ ಆದಾಗ, ಎರಡೂ ಕಡೆ ಕೈಹಾಕಬೇಕಾದಾಗ, ಪ್ಯಾರಾಥೈರಾಯ್ಡ್ ಉಳಿಸೋ ದೃಷ್ಟಿಯಿಂದ ಹಾಕಿದ್ರೆ ಅದಕ್ಕೆ ಬೆಲೆ ಇದೆ.

ಒಳಗೆ ಉಳಿದ ಕಾರ್ಬನ್ ಏನಾಗುತ್ತೆ ಅಂತಲೂ ಕೇಳ್ತಾರೆ. ಅದು ಕರಗಲ್ಲ, ತೆಗೆಯದೇ ಉಳಿದ ನೋಡ್‌ನಲ್ಲಿ ಮ್ಯಾಕ್ರೋಫೇಜ್ ಹೊಟ್ಟೇಲಿ ಹಾಗೇ ಕೂತಿರುತ್ತೆ. ಟ್ಯಾಟೂ ಹಾಕಿಸ್ಕೊಂಡವರ ಕಂಕುಳ ನೋಡ್‌ಗಳಲ್ಲೂ ಅವರಿಗೇ ಗೊತ್ತಿಲ್ಲದಂಗೆ ಇಂಕ್ ಕೂತಿರುತ್ತೆ, ನಾವು ನೋಡ್ತಾನೇ ಇರ್ತೀವಿ.

ಸರ್ಜನ್ ಸ್ನೇಹಿತರು ಯಾರಾದ್ರೂ ಇಲ್ಲಿವರೆಗೆ ಓದಿದ್ರೆ ಒಂದೇ ಒಂದು ಕೋರಿಕೆ, ಬಣ್ಣ ಹಾಕಿದ್ರೆ ರಿಕ್ವೆಸ್ಟ್ ಫಾರ್ಮ್‌ನಲ್ಲಿ ಯಾವ ಬಣ್ಣ ಅಂತ ಬರೀರಪ್ಪಾ. ಬರೀದೇ ಕಳಿಸ್ತೀರಿ, ನೋಡ್ ತುಂಬಾ ಕಪ್ಪು ಪಿಗ್ಮೆಂಟ್ ನೋಡಿ ನಾವಿಲ್ಲಿ ಇದು ಹೊಗೆ ಮಸಿಯೋ, ಟ್ಯಾಟೂನೋ, ಎಲ್ಲಾದ್ರೂ ಮೆಲನೋಮಾನೋ ಅಂತ ತಲೆ ಕೆಡಿಸ್ಕೊಂಡು ಸ್ಲೈಡ್ ಬ್ಲೀಚ್ ಮಾಡಿ ಕೂರ್ತೀವಿ, ಮೆಲನಿನ್ ಆಗಿದ್ರೆ ಬಣ್ಣ ಹೋಗುತ್ತೆ, ಕಾರ್ಬನ್ ಆಗಿದ್ರೆ ಹೋಗಲ್ಲ, ಅಷ್ಟು ತಿಳಿಯೋಕೆ ರಿಪೋರ್ಟ್ ಒಂದು ದಿನ ತಡ, ಆ ಒಂದು ದಿನ ಪೇಶೆಂಟ್ ಕಡೆಯೋರು ನಮಗೆ ಬೈಕೊಂಡು ಕೂತಿರ್ತಾರೆ.